ಕರಟದ ಕುದುರೆ, ಡಬ್ಬದೊಳಗಿನ ಜಮೀನು

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳಿವು. ಕೇಳಿದವರಲ್ಲಿ ಕೆಲವರು ಬರೆದುಕೊಡಿ ಅಂದರು. ತಡವರಿಸಿದ್ದನ್ನು, ನಡುವೆ ಮೈಕು ಕೈಕೊಟ್ಟಿದ್ದನ್ನು ಬಿಟ್ಟಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.

ಎಲ್ಲರೂ ಒಂದು ನಿಮಿಷ ಕಣ್ಣು ಮುಚ್ಚಿಕೊಳ್ಳಿ. ಹಿಂದಿನ ಸಾಲಿನವರೂ. ಮೊಬೈಲ್ ನೋಡುತ್ತಿರುವವರೂ.

ಇಲ್ಲಿ ನಾನು ಚೀಲದಿಂದ ಎರಡು ತೆಂಗಿನ ಕರಟ ತೆಗೆದು ಮೇಜಿನ ಮೇಲೆ ಬಡಿದೆ. ಮೊದಲು ನಿಧಾನ, ಆಮೇಲೆ ಜೋರು.

ಏನು ಕಂಡಿತು? ಮುಂದಿನ ಸಾಲಿನ ಹಿರಿಯರು "ಜಟಕಾ" ಅಂದರು. ಪಕ್ಕದ ಹುಡುಗಿ "ಕುದುರೆ" ಅಂದಳು. ಇಬ್ಬರದೂ ಸರಿಯೇ. ಹಿರಿಯರಿಗೆ ಕುದುರೆಯ ಜೊತೆ ಗಾಡಿಯೂ ಕಂಡಿತು, ಗಾಡಿ ಓಡಾಡುತ್ತಿದ್ದ ರಸ್ತೆಯೂ ಕಂಡಿತು. ಹುಡುಗಿಗೆ ಬರೀ ಕುದುರೆ. ಕೇಳಿಸಿದ್ದು ಮಾತ್ರ ನಿನ್ನೆ ಚಟ್ನಿಗೆ ಕಾಯಿ ತುರಿದು ಉಳಿದ ಕರಟ.

ಇವತ್ತು ನಾನು ಹೇಳಹೊರಟ ಕಥೆಗಳೆಲ್ಲ ಹೀಗೇ ಕಿವಿಯಲ್ಲಿ ಹುಟ್ಟಿದವು. 1930ರ ದಶಕದಿಂದ 1950ರ ದಶಕದ ನಡುವಿನವರೆಗೆ ಅಮೆರಿಕದ ಮಕ್ಕಳು ಸಂಜೆ ಹೊತ್ತು ರೇಡಿಯೋ ಮುಂದೆ ಕೂತು ಕೇಳಿದ ಸಾಹಸದ ಕಥೆಗಳು. ಕುದುರೆ ಸವಾರರು, ದರೋಡೆಕೋರರು, ಹಿಮದಲ್ಲಿ ನಾಯಿಗಾಡಿ ಓಡಿಸುವ ಪೊಲೀಸಿನವರು. ಅಲ್ಲಿ ಇದಕ್ಕೆ ಫ್ರಾಂಟಿಯರ್ ಕಥೆಗಳು ಅನ್ನುತ್ತಾರೆ.

ಈ ಪದಕ್ಕೆ ಕನ್ನಡ ಹುಡುಕಿ ನಾನು ಸೋತೆ. ಗಡಿನಾಡು ಅಂದರೆ ನಮಗೆ ಬೆಳಗಾವಿ, ಕಾಸರಗೋಡು ನೆನಪಾಗುತ್ತವೆ. ಅಲ್ಲಿ ಗೆರೆಯ ಎರಡೂ ಕಡೆ ಊರಿದೆ, ಜನ ಇದ್ದಾರೆ, ಭಾಷೆಯ ಜಗಳವೂ ಇದೆ. ಫ್ರಾಂಟಿಯರ್ ಹಾಗಲ್ಲ. ಅದು ಓಡಾಡುವ ಗೆರೆ. ಹೊಸದಾಗಿ ಬಂದವರು ಅದನ್ನು ಮುಂದಕ್ಕೆ ತಳ್ಳುತ್ತಾ ಹೋಗುತ್ತಾರೆ. ಗೆರೆಯ ಆಚೆ ಮೊದಲೇ ಇದ್ದವರು ಹಿಂದೆ ಸರಿಯುತ್ತಾ ಹೋಗುತ್ತಾರೆ. ತಳ್ಳಿದವರು ಮಾತ್ರ "ಅಲ್ಲಿ ಯಾರೂ ಇರಲಿಲ್ಲ, ಖಾಲಿ ಜಾಗ" ಅನ್ನುತ್ತಾರೆ. ಈ ಖಾಲಿ ಜಾಗದ ಮಾತು ನೆನಪಿರಲಿ. ಕೊನೆಗೆ ಬೇಕಾಗುತ್ತದೆ.

ಡೆಟ್ರಾಯಿಟ್‌ನಿಂದ ಶುರು ಮಾಡೋಣ. ಇದರಲ್ಲೇ ಒಂದು ತಮಾಷೆ ಇದೆ. ಡೆಟ್ರಾಯಿಟ್ ಕಾರು ತಯಾರಿಸುವ ಊರು. ಕುದುರೆಯ ಹೊಟ್ಟೆಪಾಡು ಕಿತ್ತುಕೊಂಡ ಊರು ಅಂತಲೇ ಹೇಳಬಹುದು. ಅಮೆರಿಕದ ಅತಿ ಪ್ರಸಿದ್ಧ ರೇಡಿಯೋ ಕುದುರೆ ಹುಟ್ಟಿದ್ದು ಅಲ್ಲೇ.

ಅಲ್ಲಿ ಡಬ್ಲ್ಯೂ ಎಕ್ಸ್ ವೈ ಝಡ್ ಅಂತ ಒಂದು ರೇಡಿಯೋ ಕೇಂದ್ರ ಇತ್ತು. ಮಾಲೀಕರಲ್ಲಿ ಮುಖ್ಯನಾದವನು ಜಾರ್ಜ್ ಟ್ರೆಂಡಲ್, ಮೊದಲು ಸಿನಿಮಾ ಟಾಕೀಸುಗಳ ವ್ಯವಹಾರದಲ್ಲಿದ್ದವನು. ಕೇಂದ್ರ 1932ರಲ್ಲಿ ದೊಡ್ಡ ಜಾಲವೊಂದರ ನಂಟು ಬಿಟ್ಟು ಒಂಟಿಯಾಗಿತ್ತು. ಹೊರಗಿನ ಕಾರ್ಯಕ್ರಮ ಬರುತ್ತಿರಲಿಲ್ಲ, ತಾವೇ ಏನಾದರೂ ಹುಟ್ಟಿಸಬೇಕು. ಕಾಲ ಬೇರೆ ಕೆಟ್ಟದ್ದು. 1933ರ ಜನವರಿ ಕೊನೆಯಲ್ಲಿ ಲೋನ್ ರೇಂಜರ್ ಕಾರ್ಯಕ್ರಮ ಶುರುವಾಯಿತು. ಎರಡು ವಾರ ಕಳೆಯುವಷ್ಟರಲ್ಲಿ, ಫೆಬ್ರುವರಿ 14ಕ್ಕೆ, ಮಿಷಿಗನ್ ರಾಜ್ಯದ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿದರು. ಅಪ್ಪ ಅಮ್ಮಂದಿರ ದುಡ್ಡು ಬ್ಯಾಂಕಿನಲ್ಲಿ ಸಿಕ್ಕಿಬಿದ್ದಿದೆ. ಮನೆಯಲ್ಲಿ ಮಕ್ಕಳು ಅನ್ಯಾಯ ಸರಿಪಡಿಸುವ ಕುದುರೆ ಸವಾರನ ಕಥೆ ಕೇಳುತ್ತಿದ್ದಾರೆ.

ಕಥೆ ಬರೆದವನು ಫ್ರಾನ್ ಸ್ಟ್ರೈಕರ್. ಅವನು ಆಗ ಇದ್ದದ್ದು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ. ಟೆಕ್ಸಾಸ್ ಮರುಭೂಮಿಯ ಕಥೆಯನ್ನು ಅಲ್ಲಿಂದಲೇ ಬರೆದು ಕಳಿಸುತ್ತಿದ್ದ. ವಾರಕ್ಕೆ ಮೂರು ಕಂತು: ಸೋಮವಾರ, ಬುಧವಾರ, ಶುಕ್ರವಾರ. ಅದರ ಜೊತೆಗೆ ಬೇರೆ ಕಾರ್ಯಕ್ರಮಗಳ ಬರವಣಿಗೆ ಬೇರೆ. ಎಲ್ಲ ಸೇರಿ ವಾರಕ್ಕೆ 60 ಸಾವಿರ ಪದ ಬರೆಯುತ್ತಿದ್ದ ಅನ್ನುತ್ತಾರೆ. ಈಗ ನಾನು ಆಡುತ್ತಿರುವಂಥ ಭಾಷಣ ವಾರಕ್ಕೆ ಇಪ್ಪತ್ತಕ್ಕೂ ಜಾಸ್ತಿ ಆಯಿತು. ನಿಮ್ಮ ಮುಖ ನೋಡಿದರೆ ಒಂದೇ ಸಾಕು ಅನ್ನಿಸುತ್ತದೆ, ಇರಲಿ.

ಇಷ್ಟು ಬರೆದ ಸ್ಟ್ರೈಕರ್ 1934ರಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿ, ಲೋನ್ ರೇಂಜರ್‌ನ ಹಕ್ಕುಗಳನ್ನು ಟ್ರೆಂಡಲ್‌ಗೆ ಬಿಟ್ಟುಕೊಟ್ಟ. ಕಾಗದದಲ್ಲಿ ಬರೆದ ಬೆಲೆ ಹತ್ತು ಡಾಲರ್. ಇಪ್ಪತ್ತು ವರ್ಷ ಆದಮೇಲೆ, 1954ರಲ್ಲಿ, ಟ್ರೆಂಡಲ್ ಅದನ್ನು ಮಾರಿದ್ದು 30 ಲಕ್ಷ ಡಾಲರಿಗೆ. ನಮ್ಮಲ್ಲಿ ಬರೆದು ಬದುಕುವವರು ಯಾರಾದರೂ ಇಲ್ಲಿದ್ದರೆ, ಮನೆಗೆ ಹೋದಮೇಲೆ ನಿಮ್ಮ ಕರಾರು ಪತ್ರ ಒಂದು ಸಲ ತೆಗೆದು ನೋಡಿ.

ಕಥೆಯ ನಾಯಕನಿಗೆ ಮೊದಲು ಜೊತೆಗಾರ ಇರಲಿಲ್ಲ. ಮೊದಲ ಹತ್ತು ಕಂತುಗಳಲ್ಲಿ ಅವನು ಒಂಟಿ. ಹೆಸರೇ ಒಂಟಿ ಸವಾರ, ಅಲ್ವಾ. ಸಿನಿಮಾದಲ್ಲಿ ಒಂಟಿ ಮನುಷ್ಯನನ್ನು ತೋರಿಸಬಹುದು. ಅವನು ಬೆಟ್ಟ ಹತ್ತುತ್ತಾನೆ, ನೀರು ಕುಡಿಯುತ್ತಾನೆ, ದೂರಕ್ಕೆ ನೋಡುತ್ತಾನೆ, ಸುಮ್ನೆ ಇರುತ್ತಾನೆ. ರೇಡಿಯೋದಲ್ಲಿ ಸುಮ್ಮನಿದ್ದರೆ ಮನೆಯಲ್ಲಿ ಎದ್ದು ಸೆಟ್ಟಿನ ತಲೆಗೆ ಒಂದು ಏಟು ಕೊಡುತ್ತಾರೆ. ಒಬ್ಬನೇ ಮಾತಾಡಿಕೊಂಡರೆ ತಲೆ ಕೆಟ್ಟಿದೆ ಅನ್ನುತ್ತಾರೆ. ಅವನು ಏನು ಯೋಚಿಸುತ್ತಿದ್ದಾನೆ ಅಂತ ಮಕ್ಕಳಿಗೆ ತಿಳಿಯಬೇಕಾದರೆ ಅವನು ಇನ್ನೊಬ್ಬರಿಗೆ ಹೇಳಬೇಕು.

ನಮ್ಮ ಅಜ್ಜಿಯಂದಿರಿಗೆ ಇದು ಗೊತ್ತಿತ್ತು. ಕಥೆ ಹೇಳುವಾಗ ಒಬ್ಬರು ಹೂಂಗುಟ್ಟಬೇಕು. ಹೂಂ ನಿಂತರೆ ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು, "ನಿದ್ದೆ ಬಂತೇನೋ?" ಅನ್ನುತ್ತಿದ್ದಳು. ಡೆಟ್ರಾಯಿಟ್‌ನವರು ಹೂಂಗುಟ್ಟುವುದಕ್ಕೆ ಅಂತ ಒಬ್ಬನನ್ನು ತಂದರು. ಅವನೇ ಟೊಂಟೋ, ಮೂಲನಿವಾಸಿ ಗೆಳೆಯ. ಗಾಯಗೊಂಡ ಸವಾರನನ್ನು ಉಳಿಸಿದವನು, ಕುದುರೆ ಹೆಜ್ಜೆ ನೋಡಿ ದಾರಿ ಹೇಳುವವನು, ಊರೊಳಗೆ ಹೋಗಿ ಸುದ್ದಿ ತರುವವನು. ಕೆಲಸ ಎಲ್ಲ ಅವನದೇ. ಮಾತು ಮಾತ್ರ ಮುರುಕು ಇಂಗ್ಲಿಷ್.

ಆ ಪಾತ್ರ ಮಾಡಿದವನು ಜಾನ್ ಟಾಡ್ ಎಂಬ ಬಿಳಿಯ ರಂಗನಟ. ಶೇಕ್ಸ್‌ಪಿಯರ್ ನಾಟಕ ಆಡಿ ಪಳಗಿದವನು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಂತಲೇ ತಪ್ಪು ಇಂಗ್ಲಿಷ್ ಮಾತಾಡಿದ. ಸವಾರನ ವಿಷಯದಲ್ಲಿ ಕೇಂದ್ರದ ನಿಯಮ ತದ್ವಿರುದ್ಧ: ಅವನ ವ್ಯಾಕರಣ ಒಂದು ಕೂದಲೂ ತಪ್ಪಬಾರದು. ಮಕ್ಕಳು ಕೇಳಿ ಕಲಿಯುತ್ತಾರಲ್ಲ. ಅವನು ಸಿಗರೇಟು ಸೇದುವುದಿಲ್ಲ, ಕುಡಿಯುವುದಿಲ್ಲ, ಯಾರನ್ನೂ ಕೊಲ್ಲಲು ಗುಂಡು ಹಾರಿಸುವುದಿಲ್ಲ. ಹಾಗಾದರೆ ಟೊಂಟೋ ಮಾತನ್ನು ಕೇಳಿ ಮಕ್ಕಳು ಏನು ಕಲಿತರು? ಮೂಲನಿವಾಸಿಗಳಿಗೆ ವಾಕ್ಯ ಕೂಡಿಸಲು ಬರುವುದಿಲ್ಲ ಅಂತ ಕಲಿತರು. ಇದು ಯಾರ ನಿಯಮದಲ್ಲೂ ಬರೆದಿರಲಿಲ್ಲ.

ಟೊಂಟೋ ಸವಾರನನ್ನು "ಕಿಮೊ ಸಾಬಿ" ಅಂತ ಕರೆಯುತ್ತಿದ್ದ. ಯಾವುದೋ ಬುಡಕಟ್ಟಿನ ಹಳೆಯ ಮಾತು ಅಂತ ಮಕ್ಕಳೆಲ್ಲ ನಂಬಿದ್ದರು. ಅದು ಬಂದದ್ದು ನಿರ್ದೇಶಕ ಜೇಮ್ಸ್ ಜುವೆಲ್‌ನ ಮಾವನ ಕಡೆಯಿಂದ. ಮಾವ ಮಿಷಿಗನ್‌ನಲ್ಲಿ ಹುಡುಗರಿಗೆ ಬೇಸಿಗೆ ಶಿಬಿರ ನಡೆಸುತ್ತಿದ್ದ. ಶಿಬಿರದ ಹೆಸರೇ ಅದು. ಬುಡಕಟ್ಟಿನ ಮಾತೂ ಹೆಂಡತಿ ಮನೆಯಿಂದ ಬಂತು ಅನ್ನಿ.

ಇನ್ನೊಂದು ವಿಚಿತ್ರ ನೋಡಿ. ಈ ಸವಾರ ಮುಖವಾಡ ಹಾಕುತ್ತಾನೆ. ಕಣ್ಣಿನ ಸುತ್ತ ಕಪ್ಪು ಬಟ್ಟೆ. ರೇಡಿಯೋದಲ್ಲಿ ಮುಖವಾಡ ಯಾರಿಗೆ ಕಾಣಬೇಕು? ಮೊದಲು ನನಗೂ ಇದು ಪೆದ್ದುತನ ಅನ್ನಿಸಿತ್ತು. ಕೆಲವು ಹಳೆಯ ಕಂತುಗಳನ್ನು ಕೇಳಿದ ಮೇಲೆ ಗುಟ್ಟು ತಿಳಿಯಿತು. ಸವಾರ ಒಳಗೆ ಬಂದಾಗಲೆಲ್ಲ ಎದುರಿಗಿದ್ದವರು ಬೆಚ್ಚಿಬಿದ್ದು, "ಮುಖವಾಡ ಹಾಕಿದ್ದಾನೆ! ಕಳ್ಳ!" ಅನ್ನುತ್ತಾರೆ. ಅವನು ಕಳ್ಳ ಅಲ್ಲ ಅಂತ ಕೇಳುವ ಮಗುವಿಗೆ ಗೊತ್ತು, ಆ ಊರಿನ ದೊಡ್ಡವರಿಗೆ ಗೊತ್ತಿಲ್ಲ. ಪ್ರತಿ ಕಂತಿನಲ್ಲೂ ಮಗು ದೊಡ್ಡವರಿಗಿಂತ ಒಂದು ಹೆಜ್ಜೆ ಮುಂದೆ. ಎಂಟು ವರ್ಷದ ಮಗುವಿಗೆ ಇದಕ್ಕಿಂತ ಖುಷಿ ಏನಿದೆ?

ತಾಳಮದ್ದಳೆ ಕೇಳಿದವರಿಗೆ ಇದು ಹೊಸದಲ್ಲ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಪಂಚೆ ಉಟ್ಟು ಶಾಲು ಹೊದ್ದವರು ಕೂತಲ್ಲೇ ಮಾತಿನಲ್ಲಿ ರಾವಣ ಆಗುತ್ತಾರೆ. ಹತ್ತು ತಲೆ ಎಲ್ಲಿವೆ ಅಂತ ಯಾರೂ ಕೇಳುವುದಿಲ್ಲ.

ಮುಖ ಮುಚ್ಚಿಟ್ಟರೂ ಧ್ವನಿ ಮುಚ್ಚಿಡಲು ಆಗುವುದಿಲ್ಲ. 1933ರಿಂದ ಸವಾರನ ಧ್ವನಿ ಅರ್ಲ್ ಗ್ರೇಸರ್ ಎಂಬ ನಟನದು. 1941ರ ಏಪ್ರಿಲ್ 8ರ ಬೆಳಗಿನ ಜಾವ ಡೆಟ್ರಾಯಿಟ್ ಹತ್ತಿರ ಕಾರು ಅಪಘಾತದಲ್ಲಿ ಅವನು ತೀರಿಕೊಂಡ. ವಯಸ್ಸು 32. ಕಾರ್ಯಕ್ರಮ ನಿಲ್ಲಿಸುವ ಹಾಗಿಲ್ಲ. ಬೇರೆ ಧ್ವನಿ ತಂದರೆ ಮಕ್ಕಳು ಮೊದಲ ಮಾತಿಗೇ ಹಿಡಿಯುತ್ತಾರೆ. ಬರಹಗಾರರು ಕಥೆಯಲ್ಲಿ ಸವಾರನನ್ನು ಗಾಯಗೊಳಿಸಿದರು. ಕೆಲವು ಕಂತು ಅವನು ಮಾತೇ ಆಡುವುದಿಲ್ಲ. ನರಳಾಟ, ಪಿಸುಮಾತು, ಅಷ್ಟೇ. ಕಥೆಯನ್ನು ಟೊಂಟೋ ಹೊತ್ತು ನಡೆಸುತ್ತಾನೆ. ನಿಧಾನವಾಗಿ ಸವಾರ ಚೇತರಿಸಿಕೊಳ್ಳುತ್ತಾನೆ. ಗಂಟಲು ಸರಿಹೋಗುವ ಹೊತ್ತಿಗೆ ಅದು ಬ್ರೇಸ್ ಬೀಮರ್‌ನ ಗಂಟಲು. ಬೀಮರ್ ಅದೇ ಕಾರ್ಯಕ್ರಮದ ಉದ್ಘೋಷಕ, ತುಂಬು ಧ್ವನಿಯವನು. 1954ರವರೆಗೆ ಅವನೇ ಮುಂದುವರಿದ.

ನನಗೆ ಈ ಇಡೀ ಚರಿತ್ರೆಯಲ್ಲಿ ತುಂಬಾ ಹಿಡಿಸುವ ಭಾಗ ಇದು. ಇಪ್ಪತ್ತು ವರ್ಷ ಮುರುಕು ಮಾತಾಡಿದ ಟೊಂಟೋಗೆ ಪೂರ್ತಿ ಕಥೆ ಸಿಕ್ಕಿದ್ದು ನಾಯಕನ ಬಾಯಿ ಮುಚ್ಚಿದ ಆ ಕೆಲವು ದಿನ ಮಾತ್ರ.

ಇನ್ನು ಸದ್ದಿನ ಅಡುಗೆಮನೆಗೆ ಬರೋಣ. ಕರಟ ನೀವು ಕೇಳಿದಿರಿ. ಡೆಟ್ರಾಯಿಟ್‌ನವರು ಇನ್ನೂ ಒಂದು ಉಪಾಯ ಮಾಡಿದ್ದರು. ಕಟ್ಟಿಕೊಂಡ ಪೈಪು, ಬೇಸಿನ್ನು ಬಿಡಿಸಲು ರಬ್ಬರ್ ಬಟ್ಟಲಿಗೆ ಕೋಲು ಸಿಕ್ಕಿಸಿದ ಒಂದು ಸಾಧನ ಇರುತ್ತದಲ್ಲ, ಬಚ್ಚಲುಮನೆಯಲ್ಲಿ ಇಡುವಂಥದ್ದು? ಅಂಥ ಎರಡನ್ನು ಕೈಯಲ್ಲಿ ಹಿಡಿದು ಜಲ್ಲಿ ತುಂಬಿದ ತೊಟ್ಟಿಯಲ್ಲಿ ಕುಟ್ಟುತ್ತಿದ್ದರು. ನೆಲ ಬದಲಾದರೆ ಜಲ್ಲಿ ಬದಲು. ಒಬ್ಬ ಕುಟ್ಟಿದರೆ ಒಂದು ಕುದುರೆ. ಮೂವರು ಕುಟ್ಟಿದರೆ ದರೋಡೆಕೋರರ ಗುಂಪು. ತಗಡಿನ ಹಾಳೆ ಅಲ್ಲಾಡಿಸಿದರೆ ಗುಡುಗು. ಮಿಠಾಯಿ ಸುತ್ತುವ ಗಾಜುಕಾಗದ ಮೈಕಿನ ಹತ್ತಿರ ಮುದುಡಿದರೆ ಬೆಂಕಿ. ಕಾರ್ಯಕ್ರಮ ನೇರ ಪ್ರಸಾರ ಆಗುತ್ತಿತ್ತು. ಜಲ್ಲಿ ತೊಟ್ಟಿ ಮಗುಚಿದರೆ ದೇಶವೆಲ್ಲ ಕೇಳುತ್ತದೆ.

ಸಂಗೀತ ಮಾತ್ರ ಹಳೆಯ ಯುರೋಪಿನದು. ಆರಂಭದಲ್ಲಿ ಬರುತ್ತಿದ್ದದ್ದು ರೊಸ್ಸಿನಿ ಎಂಬ ಇಟಲಿಯವನು ಸ್ವಿಟ್ಜರ್ಲೆಂಡಿನ ಬಿಲ್ಲುಗಾರನೊಬ್ಬನ ಕಥೆಗೆ ಮಾಡಿದ ರಾಗ. ಹಳೆಯ ಸಂಗೀತವಾದರೆ ಯಾರಿಗೂ ರಾಯಧನ ಕೊಡಬೇಕಾಗಿಲ್ಲ. ಉಳಿತಾಯಕ್ಕೆ ಅಂತ ಹಾಕಿದ್ದು ಆ ಕಾರ್ಯಕ್ರಮದ ಗುರುತೇ ಆಗಿಹೋಯಿತು. ಇವತ್ತಿಗೂ ಅಮೆರಿಕದ ವಯಸ್ಸಾದವರಿಗೆ ಆ ರಾಗ ಕೇಳಿಸಿ ನೋಡಿ. ಬಿಲ್ಲುಗಾರ ನೆನಪಾಗುವುದಿಲ್ಲ, ಬಿಳಿ ಕುದುರೆ ನೆನಪಾಗುತ್ತದೆ.

ಇನ್ನೊಂದು ಸಲ ಕಣ್ಣು ಮುಚ್ಚಿ.

ಇಲ್ಲಿ ಕಾರ್ನ್‌ಫ್ಲೋರ್ ತುಂಬಿದ ಒಂದು ಬಟ್ಟೆ ಚೀಲವನ್ನು ಮೈಕಿನ ಹತ್ತಿರ ಹಿಡಿದು ಹಿಸುಕಿದೆ. ಕ್ರುಕ್, ಕ್ರುಕ್.

ಯಾರಿಗೂ ಏನೂ ಹೊಳೆಯಲಿಲ್ಲ, ಅಲ್ವಾ? ಒಬ್ಬರು "ಹೊಸ ಚಪ್ಪಲಿ" ಅಂದರು. ಬಾಗಿಲ ಹತ್ತಿರ ನಿಂತವರು ಮಾತ್ರ "ಸ್ನೋ" ಅಂದರು. ಅವರ ಮಗಳು ಕೆನಡಾದಲ್ಲಿದ್ದಾಳಂತೆ, ಚಳಿಗಾಲದಲ್ಲಿ ಹೋಗಿ ಬಂದಿದ್ದಾರೆ. ಕಿವಿಗೆ ಮೊದಲೇ ಗೊತ್ತಿರುವುದನ್ನಷ್ಟೇ ರೇಡಿಯೋ ತೋರಿಸಬಲ್ಲದು. ಡೆಟ್ರಾಯಿಟ್ ಮಕ್ಕಳು ವರ್ಷಕ್ಕೆ ನಾಲ್ಕು ತಿಂಗಳು ಹಿಮ ತುಳಿದವರು. ಅವರಿಗೆ ಈ ಚೀಲ ಒಂದು ಸಲ ಹಿಸುಕಿದರೆ ಸಾಕು. ಎರಡನೆಯ ಕಥೆ ಹುಟ್ಟಿದ್ದು ಈ ಹಿಮದಲ್ಲೇ. ಅದಕ್ಕೆ ಹೋಗುವ ಮೊದಲು ದುಡ್ಡಿನ ಮಾತು ಮುಗಿಸುತ್ತೇನೆ.

ನಮ್ಮ ಮನೆಯಲ್ಲಿ ರೇಡಿಯೋ ಲೈಸೆನ್ಸ್ ಪುಸ್ತಕ ಇತ್ತು. ನಿಮ್ಮಲ್ಲಿ ಕೆಲವರ ಮನೆಯಲ್ಲೂ ಇದ್ದಿರಬೇಕು. ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ ಸ್ಟಾಂಪು ಹಚ್ಚಿಸಿಕೊಂಡು ಬರಬೇಕು. ನಮ್ಮ ರೇಡಿಯೋ ನಡೆದದ್ದು ಹಾಗೆ. ಅದಕ್ಕೂ ಮೊದಲು, 1935ರಲ್ಲಿ, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಪ್ರೇಷಕ ಇಟ್ಟುಕೊಂಡು ಪ್ರಸಾರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದ. ಒಬ್ಬ ಮೇಷ್ಟ್ರ ಹುಚ್ಚು ಅದು. ಏನನ್ನೂ ಮಾರುವುದಿರಲಿಲ್ಲ.

ಅಮೆರಿಕದಲ್ಲಿ ಲೈಸೆನ್ಸ್ ಇಲ್ಲ. ಕೇಳುವವರು ಬಿಡಿಗಾಸು ಕೊಡುವುದಿಲ್ಲ. ಕೊಡುವವನು ಜಾಹೀರಾತುದಾರ. ಮಕ್ಕಳ ಕಾರ್ಯಕ್ರಮಕ್ಕೆ ಯಾರು ಕೊಡುತ್ತಾರೆ? ಮಕ್ಕಳು ತಿನ್ನುವುದನ್ನು ಮಾರುವವರು. ಲೋನ್ ರೇಂಜರ್‌ಗೆ ಮೊದಲು ಸಿಲ್ವರ್‌ಕಪ್ ಬ್ರೆಡ್ಡಿನವರು, ಆಮೇಲೆ ಚೀರಿಯೋಸ್, ಕಿಕ್ಸ್ ಅಂತ ಬೆಳಿಗ್ಗೆ ಹಾಲಿಗೆ ಹಾಕಿ ತಿನ್ನುವ ಡಬ್ಬದ ತಿಂಡಿ ಮಾಡುವ ಜನರಲ್ ಮಿಲ್ಸ್. ಟಾಮ್ ಮಿಕ್ಸ್ ಎಂಬ ಕೌಬಾಯ್ ನಟನ ಹೆಸರಿನ ಕಾರ್ಯಕ್ರಮಕ್ಕೆ ರಾಲ್ಸ್‌ಟನ್ ಗೋಧಿ ಗಂಜಿ. ಈ ಟಾಮ್ ಮಿಕ್ಸ್ ಆ ಕಾರ್ಯಕ್ರಮದಲ್ಲಿ ಒಂದು ದಿನವೂ ಮಾತಾಡಲಿಲ್ಲ, ಬೇರೆ ನಟರು ಅವನಾಗಿ ಆಡುತ್ತಿದ್ದರು. 1940ರಲ್ಲಿ ಅವನು ಸತ್ತ. ಅವನ ರೇಡಿಯೋ ಸಾಹಸಗಳು ಇನ್ನೂ ಹತ್ತು ವರ್ಷ ನಡೆದವು. ಗಂಜಿ ಮಾರಾಟ ಆಗುತ್ತಿತ್ತಲ್ಲ.

ಕಾರ್ಯಕ್ರಮವನ್ನು ಎಷ್ಟು ಮಕ್ಕಳು ಕೇಳುತ್ತಾರೆ ಅಂತ ತಿಳಿಯುವುದು ಹೇಗೆ? ಲೋನ್ ರೇಂಜರ್ ಶುರುವಾದ ಮೂರು ನಾಲ್ಕು ತಿಂಗಳಿಗೆ, 1933ರ ಮೇ ತಿಂಗಳಲ್ಲಿ, ಮೊದಲು ಪತ್ರ ಬರೆದ 300 ಮಕ್ಕಳಿಗೆ ಆಟಿಕೆ ಬಂದೂಕು ಕೊಡುತ್ತೇವೆ ಅಂದರು. ಸುಮಾರು 25 ಸಾವಿರ ಪತ್ರ ಬಂದವು. ಅಲ್ಲಿಂದ ಉಡುಗೊರೆಗಳ ಸರಪಳಿ ಶುರು. ಡಬ್ಬದ ಮುಚ್ಚಳ ಕತ್ತರಿಸಿ, ಹತ್ತೋ ಹದಿನೈದೋ ಸೆಂಟು ಜೊತೆಗಿಟ್ಟು ಅಂಚೆಗೆ ಹಾಕಬೇಕು. ಆಮೇಲೆ ದಿನಾ ಪೋಸ್ಟ್‌ಮ್ಯಾನ್ ದಾರಿ ಕಾಯಬೇಕು. ಉಂಗುರ, ಬ್ಯಾಡ್ಜು, ನಕ್ಷೆ. 1948ರಲ್ಲಿ ಚೀರಿಯೋಸ್ ಡಬ್ಬಗಳ ಹಿಂದೆ ಸಣ್ಣ ಸಣ್ಣ ಮನೆ ಅಂಗಡಿ ಮುದ್ರಿಸಿದರು. ಕತ್ತರಿಸಿ ನಿಲ್ಲಿಸಿದರೆ ಇಡೀ ಫ್ರಾಂಟಿಯರ್ ಪಟ್ಟಣ ಊಟದ ಮೇಜಿನ ಮೇಲೆ.

ಇದನ್ನು ಬರೀ ವ್ಯಾಪಾರ ಅಂತ ಬಯ್ದು ಮುಂದೆ ಹೋಗಬಹುದು. ನನಗೆ ಹಾಗನ್ನಿಸುವುದಿಲ್ಲ. ರೇಡಿಯೋ ಕಥೆ ಕೈಗೆ ಸಿಗುವುದಿಲ್ಲ. ಅರ್ಧ ಗಂಟೆ ಮುಗಿದರೆ ಗಾಳಿ. ಸಿನಿಮಾಕ್ಕೆ ಚಿತ್ರ ಇದೆ, ಪುಸ್ತಕಕ್ಕೆ ಹಾಳೆ ಇದೆ. ಮಗುವಿಗೆ ಕೇಳಿದ ಕಥೆಯ ಒಂದು ಚೂರಾದರೂ ಮುಟ್ಟಬೇಕು ಅನ್ನಿಸುತ್ತದೆ. ಡಬ್ಬದವರು ಹಿಡಿದದ್ದು ಆ ಆಸೆಯನ್ನು. ಕಿವಿಗೆ ಕೊಟ್ಟ ಊರನ್ನು ಕೈಗೆ ಮಾರಿದರು.

ಎಷ್ಟು ದೂರ ಹೋದರು ಅನ್ನುವುದಕ್ಕೆ ಒಂದು ವಸ್ತುವನ್ನು ಹತ್ತಿರದಿಂದ ನೋಡೋಣ. 1947. ಕಿಕ್ಸ್ ಡಬ್ಬದ ಮುಚ್ಚಳ, ಜೊತೆಗೆ 15 ಸೆಂಟು. ಬರುವುದು ಲೋನ್ ರೇಂಜರ್ ಅಣುಬಾಂಬ್ ಉಂಗುರ. ಹೌದು, ಅಣುಬಾಂಬ್. ಹಿರೋಶಿಮಾ ಆಗಿ ಎರಡು ವರ್ಷ ತುಂಬುವಷ್ಟರಲ್ಲಿ. ಉಂಗುರದ ಮೇಲೆ ಬಾಂಬಿನ ಆಕಾರದ ಬೆಳ್ಳಿ ಬಣ್ಣದ ತುಂಡು, ಅದಕ್ಕೆ ಕೆಂಪು ಬಾಲ. ಬಾಲ ಕಳಚಿದರೆ ಒಳಗೆ ಸಣ್ಣ ಗಾಜು. ಕತ್ತಲೆ ಕೋಣೆಯಲ್ಲಿ ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ಕೂತು, ಆಮೇಲೆ ಕಣ್ಣಿಗೆ ಹತ್ತಿರ ಹಿಡಿದರೆ ಪಿಳಪಿಳ ಕಿಡಿ. ನಿಜವಾದ ಕಿಡಿ. ಒಳಗೆ ಚಿಟಿಕೆಗಿಂತಲೂ ಕಡಿಮೆ ಪೊಲೋನಿಯಂ ಇತ್ತು. ಅದರ ಪರಮಾಣು ಒಡೆದು ಹೊರಬಿದ್ದ ಕಣ ಒಳಗಿನ ಪುಟ್ಟ ಪರದೆಗೆ ಬಡಿದಾಗ ಒಂದು ಕಿಡಿ. ಪೊಲೋನಿಯಂ ಪ್ರತಿ 138 ದಿನಕ್ಕೆ ಅರ್ಧ ಆಗುತ್ತದೆ. ಒಂದೆರಡು ವರ್ಷದಲ್ಲಿ ಉಂಗುರ ಕುರುಡು. ಕುದುರೆ ಮೇಲೆ ಬೆಳ್ಳಿ ಗುಂಡು ಇಟ್ಟುಕೊಂಡು ಓಡಾಡುವ 1870ರ ಸವಾರನಿಗೂ ಇದಕ್ಕೂ ಏನು ಸಂಬಂಧ? ಯಾರೂ ಕೇಳಲಿಲ್ಲ.

ಈಗ ಹಿಮಕ್ಕೆ ಬರೋಣ.

1938ರಲ್ಲಿ ಅದೇ ಡೆಟ್ರಾಯಿಟ್ ಕೇಂದ್ರದಿಂದ ಇನ್ನೊಂದು ಸಾಹಸ ಕಾರ್ಯಕ್ರಮ ಶುರುವಾಯಿತು: ಚಾಲೆಂಜ್ ಆಫ್ ದಿ ಯೂಕಾನ್. ಯೂಕಾನ್ ಅಂದರೆ ಕೆನಡಾದ ವಾಯವ್ಯ ಮೂಲೆಯ ಹಿಮದ ನಾಡು. ಡೆಟ್ರಾಯಿಟ್ ನದಿಯ ಆಚೆ ದಡವೇ ಕೆನಡಾ, ಹಾಗಾಗಿ ಅತ್ತ ಕಡೆ ನೋಡಿದ್ದರಲ್ಲಿ ಆಶ್ಚರ್ಯ ಇಲ್ಲ. ಕುದುರೆ ಆಯಿತು, ಈಗ ನಾಯಿ ಬೇಕು ಅನ್ನುವುದು ಟ್ರೆಂಡಲ್‌ನ ಲೆಕ್ಕ. ಕೆನಡಾದ ನಾರ್ತ್ ವೆಸ್ಟ್ ಮೌಂಟೆಡ್ ಪೊಲೀಸಿನ ಸಾರ್ಜೆಂಟ್ ಪ್ರೆಸ್ಟನ್, ಅವನ ನಾಯಿಗಾಡಿ, ಗಾಡಿಯ ಮುಂದಾಳು ನಾಯಿ ಯೂಕಾನ್ ಕಿಂಗ್. ಕಾಲ 1890ರ ದಶಕ, ಕ್ಲಾಂಡೈಕ್ ಚಿನ್ನದ ಹುಚ್ಚಿನ ದಿನಗಳು. 1951ರಲ್ಲಿ ಕಾರ್ಯಕ್ರಮದ ಹೆಸರನ್ನೂ ಪ್ರೆಸ್ಟನ್ ಹೆಸರಿಗೆ ಬದಲಾಯಿಸಿದರು.

ಟೊಂಟೋ ಮಾಡಿದ ಕೆಲಸವನ್ನು ಇಲ್ಲಿ ನಾಯಿ ಮಾಡುತ್ತದೆ. ಪ್ರೆಸ್ಟನ್ ತನ್ನ ಯೋಚನೆಯನ್ನೆಲ್ಲ ಕಿಂಗ್‌ಗೆ ಹೇಳುತ್ತಾನೆ. ಕಿಂಗ್ ಹೂಂಗುಟ್ಟುತ್ತದೆ, ಅಂದರೆ ಬೊಗಳುತ್ತದೆ. ಕೊನೆಯಲ್ಲಿ ಪ್ರೆಸ್ಟನ್ "ಸರಿ ಕಿಂಗ್, ಈ ಕೇಸು ಮುಗೀತು" ಅನ್ನುತ್ತಾನೆ, ಕಿಂಗ್ ಇನ್ನೊಂದು ಸಲ ಬೊಗಳುತ್ತದೆ. ಸ್ಟುಡಿಯೋದಲ್ಲಿ ನಾಯಿ ಇರಲಿಲ್ಲ. ಡ್ಯೂಯಿ ಕೋಲ್ ಎಂಬ ಮನುಷ್ಯ ಮೈಕಿನ ಮುಂದೆ ನಿಂತು ಬೊಗಳುತ್ತಿದ್ದ, ಗುರುಗುಟ್ಟುತ್ತಿದ್ದ, ಕುಂಯ್‌ಗುಡುತ್ತಿದ್ದ. ಸಂಬಳಕ್ಕೆ ಬೊಗಳುವ ಕೆಲಸ. ನಗಬೇಡಿ, ಕಷ್ಟದ ಕೆಲಸ ಅದು. ಸಂತೋಷದ ಬೊಗಳು ಬೇರೆ, ಎಚ್ಚರಿಕೆಯ ಬೊಗಳು ಬೇರೆ.

ಕಥೆಯಲ್ಲಿ ಪ್ರೆಸ್ಟನ್ ಕಳ್ಳರನ್ನು ಹಿಡಿದು ಚಿನ್ನವನ್ನು ಚಿನ್ನ ಅಗೆದವರಿಗೆ ಕೊಡಿಸುತ್ತಾನೆ. ನಿಜವಾದ ಯೂಕಾನ್‌ನಲ್ಲಿ ಏನಾಯಿತು ಅಂತ ಸ್ವಲ್ಪ ನೋಡಿ. 1896ರ ಆಗಸ್ಟ್‌ನಲ್ಲಿ ರ‍್ಯಾಬಿಟ್ ಕ್ರೀಕ್ ಎಂಬ ಹಳ್ಳದಲ್ಲಿ ಚಿನ್ನ ಸಿಕ್ಕಿತು. ಅಲ್ಲಿದ್ದವರು ನಾಲ್ವರು. ಮೂವರು ಅಲ್ಲಿನ ಮೂಲನಿವಾಸಿಗಳು: ಕೇಶ್, ಅವನ ಅಕ್ಕನ ಮಗ, ತಂಗಿ ಶಾವ್ ಟ್ಲಾ. ನಾಲ್ಕನೆಯವನು ಆ ತಂಗಿಯ ಬಿಳಿ ಗಂಡ ಜಾರ್ಜ್ ಕಾರ್ಮಾಕ್. ಮೊದಲ ಪತ್ತೆಯ ಗುರುತು ಬಿದ್ದದ್ದು ಕಾರ್ಮಾಕ್ ಹೆಸರಿಗೆ. ಸುದ್ದಿ ಹರಡಿ ಜನ ಮುಗಿಬಿದ್ದರು. ಪೊಲೀಸರು ಚಿಲ್ಕೂಟ್ ಕಣಿವೆಯ ತುದಿಯಲ್ಲಿ ನಿಂತು, ಒಂದು ವರ್ಷಕ್ಕೆ ಬೇಕಾಗುವಷ್ಟು ಸಾಮಾನು ಹೊತ್ತು ತಂದವರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ಒಬ್ಬೊಬ್ಬರಿಗೆ ಸುಮಾರು ಒಂದು ಟನ್. ಹಿಟ್ಟು, ಬೇಳೆಕಾಳು, ಹಂದಿ ಮಾಂಸ, ಓಟ್ಸ್. ಅಷ್ಟನ್ನೂ ಬೆನ್ನ ಮೇಲೆ ಹೊತ್ತು, ಅದೇ ದಾರಿಯಲ್ಲಿ ಹತ್ತಾರು ಸಲ ಹತ್ತಿ ಇಳಿದು.

ಕ್ಲಾಂಡೈಕ್ ಎಂಬ ಹೆಸರೇ ಅಲ್ಲಿನವರ ಟ್ರೊಂಡೆಕ್ ಎಂಬ ಮಾತು. ಹೊಸಬರ ನಾಲಿಗೆಗೆ ಹೊರಳಲಿಲ್ಲ, ಕ್ಲಾಂಡೈಕ್ ಆಯಿತು. ಸಾಲ್ಮನ್ ಮೀನು ಹಿಡಿಯಲು ಅವರು ನದಿಯೊಳಗೆ ಗೂಟ ಹೊಡೆದು ಬಲೆ ಕಟ್ಟುತ್ತಿದ್ದರು. ಗೂಟ ಹೊಡೆಯುವ ಕಲ್ಲಿನಿಂದ ನದಿಗೆ ಆ ಹೆಸರು. ನದಿ ಸೇರುವ ಜಾಗದಲ್ಲೇ ಅವರ ಮೀನುಗಾರಿಕೆ ನೆಲೆ ಇತ್ತು. ಎದುರಿಗೇ ಡಾಸನ್ ಪಟ್ಟಣ ಎದ್ದಿತು. ಅವರ ಮುಖ್ಯಸ್ಥ ಐಸಾಕ್ ತನ್ನ ಜನರನ್ನು ಕರೆದುಕೊಂಡು ಐದು ಕಿಲೋಮೀಟರ್ ಕೆಳಗಿನ ಮೂಸ್‌ಹೈಡ್‌ಗೆ ಹೋದ. ಪ್ರೆಸ್ಟನ್ ಗಾಡಿ ಓಡಿಸಿದ ಖಾಲಿ ಬಿಳಿ ಬಯಲು ಇದು.

ಕಾರ್ಯಕ್ರಮಕ್ಕೆ ದುಡ್ಡು ಕೊಡುತ್ತಿದ್ದವರು ಕ್ವೇಕರ್ ಓಟ್ಸ್. 1955ರ ಹೊತ್ತಿಗೆ ರೇಡಿಯೋ ಮುಗಿಯುತ್ತಾ ಬಂದಿತ್ತು. ಟಿವಿ ಮನೆಮನೆಗೆ ಬರುತ್ತಿತ್ತು. ಲೋನ್ ರೇಂಜರ್‌ನ ಹೊಸ ರೇಡಿಯೋ ಕಂತುಗಳು ಹಿಂದಿನ ವರ್ಷವೇ ನಿಂತಿದ್ದವು. ಪ್ರೆಸ್ಟನ್‌ನ ಕೊನೆಯ ತಿಂಗಳುಗಳು. ಆಗ ಷಿಕಾಗೋದ ಜಾಹೀರಾತಿನವನೊಬ್ಬನಿಗೆ ಒಂದು ಯೋಚನೆ ಬಂತು. ಉಂಗುರ ಕೊಟ್ಟಾಯಿತು, ಬ್ಯಾಡ್ಜ್ ಕೊಟ್ಟಾಯಿತು. ಮಕ್ಕಳಿಗೆ ಯೂಕಾನನ್ನೇ ಕೊಟ್ಟರೆ?

ಡಾಸನ್ ಹತ್ತಿರ ಯೂಕಾನ್ ನದಿ ದಡದಲ್ಲಿ 19 ಎಕರೆ ಚಿಲ್ಲರೆ ಜಮೀನನ್ನು ಸಾವಿರ ಡಾಲರಿಗೆ ಕೊಂಡರು. ಅದಕ್ಕೆ ಅಂತ ಒಂದು ಕಂಪನಿ ಕಟ್ಟಿದರು: ಕ್ಲಾಂಡೈಕ್ ಬಿಗ್ ಇಂಚ್ ಲ್ಯಾಂಡ್ ಕಂಪನಿ. ಜಮೀನನ್ನು ಕಾಗದದ ಮೇಲೆ ಚದರ ಇಂಚುಗಳಾಗಿ ಕತ್ತರಿಸಿದರು. ಒಂದೊಂದು ಇಂಚಿಗೂ ಒಂದೊಂದು ಕ್ರಯಪತ್ರ. ಕ್ರಮಸಂಖ್ಯೆ, ಮುದ್ರೆ, ವಕೀಲರ ಭಾಷೆ, ಹೆಸರು ಬರೆದುಕೊಳ್ಳಲು ಖಾಲಿ ಗೆರೆ. ಪಫ್ಡ್ ವೀಟ್, ಪಫ್ಡ್ ರೈಸ್ ಡಬ್ಬಗಳೊಳಗೆ ಹಾಕಿ ಅಂಗಡಿಗೆ ಬಿಟ್ಟರು. ಪಫ್ಡ್ ರೈಸ್ ಅಂದರೆ ಮಂಡಕ್ಕಿ ಅಂದುಕೊಳ್ಳಿ. ಮಂಡಕ್ಕಿ ಪೊಟ್ಟಣದಲ್ಲಿ ಜಮೀನಿನ ಕಾಗದ.

ಮೊತ್ತ 2 ಕೋಟಿ 10 ಲಕ್ಷ ಕಾಗದ. ನಾನು ಒಂದು ರಾತ್ರಿ ಕೂತು ನಮ್ಮ ಲೆಕ್ಕಕ್ಕೆ ತಂದೆ. 144 ಚದರ ಇಂಚಿಗೆ ಒಂದು ಚದರ ಅಡಿ, 1,089 ಚದರ ಅಡಿಗೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಎರಡು ಕೋಟಿ ಚಿಲ್ಲರೆ ಮಕ್ಕಳಿಗೆ ಹಂಚಿದ ಸಾಮ್ರಾಜ್ಯ ಎಲ್ಲ ಸೇರಿ 3 ಎಕರೆ 14 ಗುಂಟೆಗೆ ಕೂದಲೆಳೆಯಷ್ಟು ಕಡಿಮೆ. ನಮ್ಮ ಕಡೆ ಅಣ್ಣ ತಮ್ಮ ಇಬ್ಬರೇ ಇಷ್ಟಕ್ಕೆ ಕೋರ್ಟಿಗೆ ಹೋಗಿ ಇಪ್ಪತ್ತು ವರ್ಷ ಕಳೆಯುತ್ತಾರೆ.

ಕಾಗದ ನೋಡಲು ಗಟ್ಟಿಯಾಗಿತ್ತು. ಆದರೆ ಇಂಚಿಗೊಂದು ನೋಂದಣಿ ಮಾಡಿಸಲು ಹೋದರೆ ಕಂಪನಿಯೇ ಮುಳುಗುತ್ತದೆ, ಹಾಗಾಗಿ ಯಾವುದನ್ನೂ ನೋಂದಣಿ ಮಾಡಿಸಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕ್ರಯಪತ್ರ ಇದೆ, ಖಾತೆ ಇಲ್ಲ, ಪಹಣಿ ಇಲ್ಲ. ಜಮೀನಿನ ಕೆಳಗೆ ಚಿನ್ನ ಸಿಕ್ಕರೂ ನಿಮ್ಮದಲ್ಲ ಅಂತಲೂ ಸಣ್ಣಕ್ಷರದಲ್ಲಿ ಬರೆದಿತ್ತು. ಕ್ಲಾಂಡೈಕ್‌ನ ಜಮೀನು, ಚಿನ್ನ ಮಾತ್ರ ಬಿಟ್ಟು.

ಡಬ್ಬಗಳು ವಾರಗಳಲ್ಲಿ ಖಾಲಿಯಾದವು. ಅಷ್ಟಕ್ಕೇ ಮುಗಿದಿದ್ದರೆ ಜಾಹೀರಾತಿನ ಒಂದು ಜಾಣ ಕಥೆ ಅಂತ ಬಿಡಬಹುದಿತ್ತು. ಮಕ್ಕಳು ಕಾಗದವನ್ನು ಎಸೆಯಲಿಲ್ಲ. ಜೋಪಾನ ಮಾಡಿದರು. ದೊಡ್ಡವರಾದರು, ನೆನಪಿಟ್ಟುಕೊಂಡರು. ಒಬ್ಬ ಮನುಷ್ಯ ಸುಮಾರು ಹತ್ತು ಸಾವಿರ ಕಾಗದ ಕೂಡಿಹಾಕಿ, ಎಲ್ಲ ಇಂಚುಗಳನ್ನೂ ಒಂದೇ ಕಡೆ ಸೇರಿಸಿ ಕೊಡಿ ಅಂತ ಕೇಳಿದ. ಸೇರಿಸಿದರೂ ಒಂದು ಸಣ್ಣ ಕೋಣೆಯಷ್ಟೂ ಆಗುತ್ತಿರಲಿಲ್ಲ. ಇನ್ನೊಬ್ಬ ತನ್ನ ಮೂರು ಇಂಚನ್ನು ಜಗತ್ತಿನ ಅತಿ ಚಿಕ್ಕ ರಾಷ್ಟ್ರೀಯ ಉದ್ಯಾನಕ್ಕೆ ದಾನ ಮಾಡಲು ಮುಂದೆ ಬಂದ. ಯೂಕಾನ್‌ನ ಭೂ ಕಚೇರಿಗೆ ದಶಕಗಳ ಕಾಲ ಪತ್ರಗಳು ಬರುತ್ತಲೇ ಇದ್ದವು: ನಮ್ಮಪ್ಪನ ಪೆಟ್ಟಿಗೆಯಲ್ಲಿ ಈ ಕಾಗದ ಸಿಕ್ಕಿದೆ, ಇದಕ್ಕೆ ಈಗ ಬೆಲೆ ಎಷ್ಟು?

ಬೆಲೆ ಏನೂ ಇರಲಿಲ್ಲ. ಕಂಪನಿ ಕಂದಾಯ ಕಟ್ಟಿರಲಿಲ್ಲ. ಬಾಕಿ 37 ಡಾಲರ್ 20 ಸೆಂಟ್. 1965ರಲ್ಲಿ ಕೆನಡಾ ಸರ್ಕಾರ ಪೂರ್ತಿ ಜಮೀನನ್ನು ವಾಪಸ್ ತೆಗೆದುಕೊಂಡಿತು. ಮರುವರ್ಷ ಕಂಪನಿಯೂ ಮುಚ್ಚಿತು.

ಮಾತು ಮುಗಿದ ಮೇಲೆ ಆ ಮುಂದಿನ ಸಾಲಿನ ಹುಡುಗಿ ಎದ್ದು, "ಯಾರಾದರೂ ತಮ್ಮ ಇಂಚು ನೋಡೋಕೆ ಹೋಗಿದ್ರಾ?" ಅಂತ ಕೇಳಿದಳು.

ಹೋದವರ ಕಥೆ ನನಗೆ ಗೊತ್ತಿಲ್ಲಮ್ಮ ಅಂದೆ. ಒಂದು ಮಗು ಪತ್ರ ಬರೆದದ್ದು ಮಾತ್ರ ಗೊತ್ತು. ತನ್ನ ಇಂಚಿಗೆ ಬೇಲಿ ಹಾಕಿಕೊಡಿ ಅಂತ ಕೇಳಿತ್ತು. ಲಕೋಟೆಯೊಳಗೆ ನಾಲ್ಕು ಗೂಟಗಳನ್ನೂ ಇಟ್ಟು ಕಳಿಸಿತ್ತು. ಹಲ್ಲು ಚುಚ್ಚುವ ಕಡ್ಡಿ, ನಾಲ್ಕು.